ಶಹಾಬಾದದ ಖಣಿಗೆ ನಾನು ಕಟ್ಟಿದ ದಾರ

ಮೊನ್ನೆ ಚಿಂಚೋಳಿಯ ನಮ್ಮ ಶಾಲೆಯ ಪಡಸಾಲೆಗೆ ಹೊಸ ಫರಸಿ ಹಾಸಿದರು. ಮಧ್ಯಾಹ್ನದ ಬಿಸಿಲಿಗೆ ಹಂಚಿನಂತೆ ಕಾದಿದ್ದ ಕಲ್ಲಿನ ಮೇಲೆ ಪ್ಯೂನ್ ಈರಪ್ಪ ಒಂದು ಕೊಡ ನೀರು ಸುರುವಿದ. ಚುರ್ರೆಂದು ಹಬೆ ಎದ್ದಿತು, ಹಬೆಯ ಜೊತೆಗೊಂದು ವಾಸನೆ. ಸುಣ್ಣದ್ದಲ್ಲ, ಮಣ್ಣಿನದ್ದೂ ಅಲ್ಲ. ಅವೆರಡೂ ಜಗಳಾಡಿ ರಾಜಿಯಾದ ಮೇಲೆ ಉಳಿಯುವಂಥದ್ದು. ನಾನು ಪಾಠ ಬಿಟ್ಟು ಓಡಿಬಂದು, ಮೊಳಕಾಲೂರಿ, ಕಲ್ಲಿಗೆ ಮೂಗು ಹಚ್ಚಿ ಕೂತೆ. ಹುಡುಗರೆಲ್ಲ ಕಿಟಕಿಗೆ ಜೋತುಬಿದ್ದರು. ಅಷ್ಟರಲ್ಲಿ ಹೆಡ್ ಮಾಸ್ತರರು ಬಂದರು.

"ಏನ್ ಹುಡುಕ್ಲಿಕತ್ತೀರಿ ಮಾಸ್ತರ? ಪೆನ್ ಬಿತ್ತೇನು?"

"ಇಲ್ರಿ ಸರ್, ಶಹಾಬಾದ ಹುಡುಕ್ಲಿಕತ್ತೀನಿ."

"ಸಿಕ್ತೇನು?"

"ಸಿಕ್ತರಿ."

"ಸಿಕ್ಕಿದ್ರ ಎದ್ದು ಕ್ಲಾಸಿಗೆ ನಡೀರಿ. ಏ ಈರಪ್ಪ, ಇಲ್ಲಿ ನೀರು ಸಾಕು. ನಮ್ಮನಿ ನೀರಿನ ಹೌದು ತುಂಬ್ಸು ಹೋಗು."

ಈರಪ್ಪ ಸರಕಾರದ ಪ್ಯೂನ್. ಆದರೆ ಶಾಲೆಯ ಆ ಕೊಡ ದಿನದ ಹೆಚ್ಚು ಹೊತ್ತು ಬಾವಿಗೂ ಹೆಡ್ ಮಾಸ್ತರರ ಮನೆಯ ನೀರಿನ ತೊಟ್ಟಿಗೂ ನಡುವೆ ಓಡಾಡುತ್ತದೆ. ಅವನು ಕೊಡ ಹೆಗಲಿಗೇರಿಸಿ ಹೋದ. ನಾನು ಕ್ಲಾಸಿಗೆ ಹೋದೆ, ಮನಸ್ಸು ಮಾತ್ರ ಬರಲಿಲ್ಲ. ಅದು ಕಾಗಿಣಾ ಹೊಳೆ ದಾಟಿ, ಸೇಡಂ ದಾಟಿ, ವಾಡಿಯಲ್ಲಿ ರೈಲು ಹತ್ತಿ, ಶಹಾಬಾದದ ಒಂದು ದಸರೆಗೆ ಹೋಗಿ ಇಳಿಯಿತು. ಇನ್ನು ಸ್ವಲ್ಪ ದಿನಕ್ಕೆ ನಮ್ಮ ಹೈದರಾಬಾದ್ ರಾಜ್ಯವೇ ಇರುವುದಿಲ್ಲವಂತೆ, ನಾವೆಲ್ಲ ಮೈಸೂರಿಗೆ ಸೇರುತ್ತೇವಂತೆ. ಅದಕ್ಕೂ ಮೊದಲು, ಈ ರಾಜ್ಯದಲ್ಲಿ ನಾನು ನಡೆಸಿದ ಏಕೈಕ ಹರತಾಳದ ಕತೆ ಬರೆದಿಟ್ಟುಬಿಡುತ್ತೇನೆ. 'ನಡೆಸಿದ' ಎಂಬುದು ಇದರಲ್ಲಿನ ಮೊದಲ ಉತ್ಪ್ರೇಕ್ಷೆ.

ಪೊಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ಸೇಡಂನ ಕಿರಾಣಿ ಅಂಗಡಿಯವರ ಮಗನಾದ ನಾನು ಇಂಟರ್ ಓದಲು ಹೈದರಾಬಾದಿಗೆ ಹೋಗಿದ್ದೆ. ಇಂಟರ್ ಬಿಟ್ಟು ಉಳಿದದ್ದನ್ನೆಲ್ಲ ಓದಿದೆ. ವರ್ಗ ಸಂಘರ್ಷ, ಉತ್ಪಾದನಾ ಸಂಬಂಧ, ಹೆಚ್ಚುವರಿ ಮೌಲ್ಯ ಎಲ್ಲ ಬಾಯಿಪಾಠ. ಇಂಗ್ಲಿಷ್ ಪೇಪರಿನಲ್ಲಿ ನಪಾಸಾಗಿ ಊರಿಗೆ ಬಂದಾಗ ಇದು ಬಂಡವಾಳಶಾಹಿಯ ಸಂಚು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬೆಲ್ಲ ತೂಗುತ್ತಲೇ, "ನಿನ್ನ ಪೇಪರ ಅವರ ಬಂದು ಬರದ್ರೇನು?" ಎಂದರು.

ವಾಡಿಯಲ್ಲಿ ನರಸಪ್ಪ ಎಂಬ ಕಾಮ್ರೇಡ್ ಇದ್ದರು. ರೈಲ್ವೆ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ ಅವರದು. ಸುತ್ತಲಿನ ದುಡಿಯುವ ಜನರನ್ನು ಒಂದುಗೂಡಿಸುವ ಹೊಣೆಯೂ ಅವರದೇ. ನಾನು ಅವರ ಬಳಿ ಹೋಗಿ, ಕ್ರಾಂತಿಗೆ ತಯಾರಿದ್ದೇನೆ, ನನ್ನನ್ನು ದೊಡ್ಡ ಕಾರ್ಖಾನೆಗೆ ಕಳಿಸಿ ಎಂದೆ. ನಾನು ಓದಿದ ಪುಸ್ತಕಗಳಲ್ಲಿ ಕ್ರಾಂತಿ ಯಾವಾಗಲೂ ಕಾರ್ಖಾನೆಯ ಗೇಟಿನಿಂದಲೇ ಹೊರಡುತ್ತಿತ್ತು.

"ಸಿಮೆಂಟ್ ಕಾರ್ಖಾನಿಯವರಿಗೆ ಯೂನಿಯನ್ ಅದ," ಎಂದರು ನರಸಪ್ಪ. "ಫರಸಿ ಖಣಿಯವರಿಗೆ ಯಾರೂ ಇಲ್ಲ. ನೀ ಶಹಾಬಾದಕ್ಕ ಹೋಗು. ಅವರಿಗೆ ಓದು ಬರಹ ಕಲಸು, ಜೋಡಿ ಸಿದ್ಧಾಂತಾನೂ ಕಲಸು. ಮತ್ತ ಒಂದ್ ಮಾತು, ಕೊರಳಾಗ ಅದೇನು?"

ನನ್ನ ಅಂಗಿಯೊಳಗಿನ ಲಿಂಗದ ಕರಡಿಗೆ ಅವರ ಕಣ್ಣಿಗೆ ಬಿದ್ದಿತ್ತು. ಅದನ್ನು ತೆಗೆದರೆ ಅವ್ವ ನನ್ನನ್ನೇ ಮನೆಯಿಂದ ತೆಗೆಯುತ್ತಿದ್ದಳು. "ಜನರ ನಡುವ ಬೆರೀಲಿಕ್ಕೆ ವೇಷ ಇದು ಕಾಮ್ರೇಡ್," ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಹೀಗೆ ಮಳೆಗಾಲದ ನಡುವೆ ನಾನು ಶಹಾಬಾದಕ್ಕೆ ಬಂದೆ. ಮೊದಲ ಸಲ ಖಣಿ ನೋಡಿದಾಗ, ನೆಲದೊಳಗೆ ಯಾರೋ ರೊಟ್ಟಿ ಬಡಿದು ಒಂದರ ಮೇಲೊಂದು ಪೇರಿಸಿಟ್ಟಂತೆ ಕಂಡಿತು. ಪದರಗಳ ಸಂದಿನಲ್ಲಿ ಉಳಿ ಇಟ್ಟು, ಸುತ್ತಿಗೆಯಿಂದ ಹದವಾಗಿ ಬಡಿದು, ಹಾರೆ ಹಾಕಿ ಮೀಟಿ, ಗಂಡಸರು ಕಲ್ಲು ಎಬ್ಬಿಸುತ್ತಿದ್ದರು. ಮೇಲೆ ಅಂಗಳದಲ್ಲಿ ಹೆಂಗಸರು ಮರಳು, ನೀರು ಹಾಕಿ ತಿಕ್ಕಿ ತಿಕ್ಕಿ ಅದಕ್ಕೆ ಮುಖ ಬರಿಸುತ್ತಿದ್ದರು. ಕಾದ ಕಲ್ಲಿಗೆ ನೀರು ಬಿದ್ದಾಗಲೆಲ್ಲ ಆ ವಾಸನೆ.

ಖಣಿಯ ಮಾಲಕರು ಗುರುಪಾದಪ್ಪ ಸಾವಕಾರರು. ನಾನು ಬಂದ ಎರಡನೆಯ ದಿನವೇ ಕಲ್ಲಿನ ರಾಶಿಯ ಮೇಲೆ ನಿಂತು, ಮುಷ್ಟಿ ಎತ್ತಿ, "ಬಂಧುಗಳೇ, ನಿಮ್ಮ ವರ್ಗ ಶತ್ರು ಯಾರು?" ಎಂದು ಭಾಷಣ ಶುರು ಮಾಡಿದ್ದೆ. ಹಿಂದಿನಿಂದ ಒಂದು ಧ್ವನಿ ಬಂತು.

"ಏ ಶರಣ್ಯಾ! ನಮ್ಮ ಅಕ್ಕನ ಮಗ ಅಲ್ಲೇನು ನೀ? ಅವ್ವ ಆರಾಮ ಅದಾಳಿಲ್ಲೋ?"

ತಿರುಗಿ ನೋಡಿದರೆ ವರ್ಗ ಶತ್ರು. ಅವ್ವನ ಚಿಕ್ಕಪ್ಪನ ಮಗ, ದೂರದ ಲೆಕ್ಕದಲ್ಲಿ ನನಗೆ ಮಾವ.

"ಆರಾಮ ಅದಾಳ್ರಿ ಮಾವ," ಎಂದೆ. ಎತ್ತಿದ ಮುಷ್ಟಿಯನ್ನು ಏನು ಮಾಡಬೇಕೋ ತಿಳಿಯದೆ ಅದರಿಂದಲೇ ನಮಸ್ಕಾರ ಮಾಡಿದೆ.

"ಕೆಳಗಿಳಿದು ಭಾಷಣ ಮಾಡು, ಜಾರಿ ಬೀಳ್ತಿ. ಸಂಜಿಕ ಊಟಕ್ಕ ಬಾ."

ಜನ ನಕ್ಕರು. ಆದರೂ ನನ್ನನ್ನು ಬಿಡಲಿಲ್ಲ. ಕಲ್ಲು ಸೀಳುವವರಲ್ಲಿ ಹಿರಿಯನಾದ ಖಾಸೀಂಸಾಬ ತನ್ನ ಗುಡಿಸಲಿನ ಪಕ್ಕ ನನಗೊಂದು ಜಾಗ ಕೊಟ್ಟ. ಸಿಮೆಂಟ್ ಕಾರ್ಖಾನೆಯ ಭೋಂಗಾ ಮಧ್ಯಾಹ್ನ ಕೂಗಿದಾಗ ಬೇವಿನ ಗಿಡದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು. ಅದೇ ನನ್ನ ಪಾಠದ ಹೊತ್ತು.

ಹೆಚ್ಚುವರಿ ಮೌಲ್ಯದ ಪಾಠ ಇಂದಿಗೂ ಶಹಾಬಾದದಲ್ಲಿ ಹೆಸರಾಗಿದೆ. ನಾನು ಎಲ್ಲರ ಬುತ್ತಿಯಿಂದ ಒಂದೊಂದು ಜೋಳದ ರೊಟ್ಟಿ ಇಸಿದುಕೊಂಡು ಕಲ್ಲಿನ ಮೇಲೆ ಪೇರಿಸಿದೆ. "ನೋಡ್ರಿ, ಇದು ನಿಮ್ಮ ಒಂದು ದಿನದ ದುಡಿಮಿ. ಇದರಾಗ ಇಷ್ಟ ನಿಮ್ಮ ಕೂಲಿ," ಎಂದು ಮೇಲಿನ ಸ್ವಲ್ಪವನ್ನು ಅವರತ್ತ ಸರಿಸಿದೆ. "ಉಳಿದದ್ದು ಎಲ್ಲಿ ಹೋತು? ಮಾಲಕನ ಹೊಟ್ಟ್ಯಾಗ!" ತೋರಿಸಲು ಒಂದು ಹೊಟ್ಟೆ ಬೇಕಾಗಿತ್ತು, ಹತ್ತಿರವಿದ್ದದ್ದು ನನ್ನದೇ, ಅದೂ ಬೆಳಿಗ್ಗೆಯಿಂದ ಖಾಲಿ. ಸಿದ್ಧಾಂತ ವಿವರಿಸುತ್ತ ವಿವರಿಸುತ್ತ, ಒಂದೊಂದೇ ಮುರಿದು, ಶೇಂಗಾ ಹಿಂಡಿ ಹಚ್ಚಿ, ಮಾಲಕನ ಪಾಲನ್ನೆಲ್ಲ ಉಂಡು ಮುಗಿಸಿದೆ.

"ತಿಳೀತೇನ್ರಿ?" ಎಂದು ಕೇಳಿದೆ.

ಕಲ್ಲು ತಿಕ್ಕುವ ಮಲ್ಲಮ್ಮ, ಹಿಂಡಿ ಅವಳದೇ, ಖಾಲಿ ಬಟ್ಟೆ ಝಾಡಿಸಿ ಮಡಚಿಟ್ಟಳು. "ಚಂದ ತಿಳೀತು ಮಾಸ್ತರ. ಇಷ್ಟ್ ದಿನ ಒಬ್ಬ ಮಾಲಕ ಇದ್ದ. ಇವತ್ತಿಂದ ಇಬ್ಬರಾದ್ರು."

ಇನ್ನೊಂದು ದಿನ ಉತ್ಪಾದನಾ ಸಾಧನಗಳ ಪಾಠ. ಖಣಿ ಯಾರದು ಎಂದು ಕೇಳಿದೆ, ಸಾವಕಾರರದು ಎಂದರು. ಟ್ರಾಲಿ? ಸಾವಕಾರರದು. ಗುಡಿಸಲಿನ ಜಾಗ? ಅದೂ ಸಾವಕಾರರದು. "ಹಂಗಾದ್ರ ನಿಮ್ಮದು ಅಂತ ಏನದ?" ಎಂದು ಗುಡುಗಿದೆ. ಏನೂ ಇಲ್ಲ ಎಂಬ ಉತ್ತರಕ್ಕೆ ತಕ್ಕ ಭಾಷಣ ನಾಲಿಗೆಯ ತುದಿಯಲ್ಲಿತ್ತು.

"ಸುತ್ತಿಗಿ ಅದ," ಎಂದ ಖಾಸೀಂಸಾಬ.

ನಿಜ. ಸುತ್ತಿಗೆ, ಉಳಿ ಅವರವರ ಸ್ವಂತದ್ದು. ಪುಸ್ತಕದಲ್ಲಿ ಇದು ಇರಲಿಲ್ಲ. "ಸುತ್ತಿಗಿ ಲೆಕ್ಕಕ್ಕಿಲ್ಲ ಚಾಚಾ, ಅದು ಭಾಳ ಸಣ್ಣದು," ಎಂದೆ. ಆತ ತನ್ನ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. ಎರಡೂ ಕೈಯಲ್ಲಿ ಹಿಡಿದರೂ ನನ್ನ ಭುಜ ಮೊಳಕಾಲಿಗೆ ಬಂತು.

"ಖರೇ ಅದ," ಎಂದ, "ಭಾಳ ಸಣ್ಣದು."

ಮಳೆ ಹಿಂದೆಗೆಯುವ ಹೊತ್ತಿಗೆ ನಗೆಯ ದಿನಗಳು ಮುಗಿದವು. ಮಲ್ಲಮ್ಮನ ಗಂಡ ಹಣಮಂತ ವ್ಯಾಗನ್ನಿಗೆ ಫರಸಿ ಏರಿಸುವಾಗ ಹಗ್ಗ ಜಾರಿತು, ಕಲ್ಲು ಪಾದದ ಮೇಲೆ ಬಿತ್ತು. ಗುಲ್ಬರ್ಗಾ ದವಾಖಾನೆಯಿಂದ ಅವನು ಮರಳಿ ಬಂದಾಗ ಪಾದ ಒಂದು ಕಡೆ ತಿರುಗಿತ್ತು. ಕೋಲು ಹಿಡಿದು ನಡೆಯುತ್ತಿದ್ದ. ಕೈಗಳು ಮೊದಲಿನಂತೆಯೇ ಗಟ್ಟಿ. ಮೊಂಡಾದ ಉಳಿಗಳನ್ನು ಕಾಸಿ ಬಡಿದು ಚೂಪು ಮಾಡುವ, ಕೂತು ಮಾಡುವ ಕೆಲಸ ಕೊಡಿ ಎಂದು ಮಲ್ಲಮ್ಮ ಸಾವಕಾರರ ಮುಂದೆ ನಿಂತಳು.

"ಕಾಲಿಲ್ಲದವಗ ಖಣ್ಯಾಗ ಏನ್ ಕೆಲಸದ ಯವ್ವಾ?" ಎಂದರು ಅವರು. ಗದರಲಿಲ್ಲ, ಮೃದುವಾಗಿಯೇ ಹೇಳಿದರು, ಅದೇ ಹೆಚ್ಚು ಹೆದರಿಕೆಯದು. "ದಸರಾ ಮಾಡ್ಕೋರಿ. ಮುಗದ ಮ್ಯಾಲ ಗುಡಸಲಾ ಬಿಡ್ರಿ. ಆ ಜಾಗಾಕ್ಕ ಬ್ಯಾರೆ ಆಳು ಬರ್ತಾನ."

ಆ ಖಣಿಯಲ್ಲಿ ದಸರೆ ಎಂದರೆ ಬರೀ ಹಬ್ಬವಲ್ಲ. ಮಹಾನವಮಿಯ ದಿನ ಎಲ್ಲರೂ, ಖಾಸೀಂಸಾಬನೂ, ತಂತಮ್ಮ ಸುತ್ತಿಗೆ, ಉಳಿ ತಂದು ಕಟ್ಟೆಯ ಮೇಲೆ ಪೂಜೆಗೆ ಇಡಬೇಕು. ಮರುದಿನ ಪೂಜೆ ಇಳಿಸಿದ ಮೇಲೆ ಸಾವಕಾರರು ತಮ್ಮ ಕೈಯಿಂದ ಒಬ್ಬೊಬ್ಬರ ಸುತ್ತಿಗೆಯನ್ನು ಅವರವರಿಗೆ ಕೊಡಬೇಕು. ಸುತ್ತಿಗೆ ಕೈಗೆ ಬಂದವನಿಗೆ ಮುಂದಿನ ದಸರೆಯ ತನಕ ಕೆಲಸ ಗಟ್ಟಿ. ಬರದವನು ಊರು ನೋಡಿಕೊಳ್ಳಬೇಕು. ಕರಾರು ಎಂದರೆ ಅದೇ. ಪೂಜೆಗಿಟ್ಟ ಸಾಮಾನನ್ನು ಇಳಿಸುವ ಮೊದಲು ಯಾರೂ ಮುಟ್ಟುವಂತಿಲ್ಲ. ಪೂಜೆಯ ದಾರವನ್ನೂ ಕಟ್ಟಿದವನೇ ಬಿಚ್ಚಬೇಕು.

ನನಗೆ ಇದೆಲ್ಲ ಮೂಢನಂಬಿಕೆಯಾಗಿ ಕಂಡಿತು. ಬೇವಿನ ಗಿಡದ ಕೆಳಗೆ ಎದ್ದು ನಿಂತು, ಸುತ್ತಿಗೆಗೆ ವಿಭೂತಿ ಹಚ್ಚಿದರೆ ಹಣಮಂತನ ಕೆಲಸ ಉಳಿಯುವುದಿಲ್ಲ, ಪೂಜೆ ಬಿಡಿ, ಹರತಾಳ ಹೂಡಿ ಎಂದು ಕೂಗಿದೆ. ಗಿಡದಿಂದ ಕಾಗೆಗಳು ಎದ್ದವು, ಜನ ಏಳಲಿಲ್ಲ.

"ಹರತಾಳ ಅಂದ ಕೂಡ್ಲೆ ಪೊಲೀಸ್ ಗಾಡಿ ಬರ್ತದ ಮಾಸ್ತರ," ಎಂದ ಖಾಸೀಂಸಾಬ. "ಗಾಡಿಗಿಂತ ಮೊದಲ ಚಿತ್ತಾಪುರ ಕಡಿಂದ ಬ್ಯಾರೆ ಆಳು ಬರ್ತಾರ. ಹಣಮಂತನ ಗುಡಸಲಾ ಒಂದ ಅಲ್ಲ, ನಮ್ಮವೂ ಹೋಗ್ತಾವ. ಬ್ಯಾರೆ ಏನರ ಇದ್ರ ಹೇಳ್ರಿ."

ನನ್ನ ಬಳಿ ಇದ್ದ ಒಂದೇ ಬಾಣ ಬಿಟ್ಟಾಗಿತ್ತು.

ಮಹಾನವಮಿ ಬಂತು. ಪೂಜೆಗೆ ಪ್ರತಿವರ್ಷ ಬರುವ ಅಯ್ಯನವರ ರೈಲು ವಾಡಿಯಲ್ಲೇ ನಿಂತಿತ್ತಂತೆ. ಹೊತ್ತು ಮೀರುತ್ತಿತ್ತು. ಸಾವಕಾರರು ಕಟ್ಟೆಯ ಸುತ್ತ ಚಡಪಡಿಸಿ, ದೂರದಲ್ಲಿ ಕಲ್ಲಿನ ಹಿಂದೆ ನಿಂತು ಪೂಜೆಯನ್ನು ಧಿಕ್ಕರಿಸುತ್ತಿದ್ದ ನನ್ನನ್ನು ಕಂಡರು.

"ಅಲ್ಲೇ ಅದಾನಲ್ಲ ನಮ್ಮ ಶರಣ್ಯಾ! ಕೊರಳಾಗ ಲಿಂಗ ಅದ, ಓದ್ಯಾನ, ಜಳಕಾನೂ ಆದಂಗ ಕಾಣ್ತದ. ಬಾರೋ, ಪೂಜಾ ಕಟ್ಟು."

"ಮಾವ, ನಾ ನಾಸ್ತಿಕ."

"ಇರು, ಯಾರ್ ಬ್ಯಾಡಂತಾರ? ಪೂಜಾ ಮಾಡಿ ಮತ್ತ ನಾಸ್ತಿಕ ಆಗು."

ಕೈ ಹಿಡಿದು ಎಳೆದು ಕೂರಿಸಿಯೇ ಬಿಟ್ಟರು. ಎದುರಿಗೆ ಅಷ್ಟೂ ಜನ. ನನ್ನ ಜೀವನದಲ್ಲಿ ನಾನು ಪೂಜೆ ನೋಡಿದ್ದು ಪ್ರಸಾದ ಹಂಚುವ ಹೊತ್ತಿಗೆ ಮಾತ್ರ. ಮಂತ್ರ ಬೇಕಲ್ಲ? ಬಾಯಿಗೆ ಬರುತ್ತಿದ್ದದ್ದು ಒಂದೇ. ಕಣ್ಣು ಮುಚ್ಚಿ, ರಾಗವಾಗಿ, "ಉತ್ಪಾದನಾ ಶಕ್ತೀ... ಉತ್ಪಾದನಾ ಸಂಬಂಧಾ... ಹೆಚ್ಚುವರಿ ಮೌಲ್ಯಾ..." ಎಂದು ಶುರು ಮಾಡಿದೆ. ಸಾವಕಾರರು ಭಕ್ತಿಯಿಂದ ತಲೆ ಬಾಗಿಸಿದರು. ಖಾಸೀಂಸಾಬನ ಗಡ್ಡ ಗಡಗಡ ನಡುಗುತ್ತಿತ್ತು. ಅಳುತ್ತಿದ್ದಾನೆಂದು ನಾನು ತಿಳಿದೆ.

ಆಮೇಲೆ ಅರಿಸಿನ ಹಚ್ಚಿದ ನೂಲಿನ ಉಂಡೆ ಕೈಗೆ ಬಂತು. ಅದನ್ನು ಕಳಸಕ್ಕೆ ನಾಲ್ಕು ಸುತ್ತು ಸುತ್ತಿ ಹರಿದುಬಿಡಬೇಕು, ಅಷ್ಟೇ. ನನಗೆ ಯಾರು ಹೇಳಬೇಕು? ಉಂಡೆ ಮುಗಿಯುವ ತನಕ ಸುತ್ತಬೇಕೆಂದು ತಿಳಿದುಕೊಂಡೆ. ಕಳಸಕ್ಕೆ ಸುತ್ತಿದೆ. ಪಕ್ಕದಲ್ಲಿ ಮಲ್ಲಮ್ಮ ತಂದಿಟ್ಟಿದ್ದ ಹಣಮಂತನ ಸುತ್ತಿಗೆ ಇತ್ತು, ಅದಕ್ಕೆ ಸುತ್ತಿದೆ. ಅದನ್ನು ಇಡುವಾಗ ಸಾವಕಾರರು ನೋಡಿ, ನಕ್ಕು, ಸುಮ್ಮನಾಗಿದ್ದರು, ನಾಳೆ ಕೊಡದಿದ್ದರಾಯಿತಲ್ಲ. ಅಲ್ಲಿಂದ ಉಳಿದ ಸುತ್ತಿಗೆಗಳು, ಉಳಿ, ಹಾರೆ. ಉಂಡೆ ಇನ್ನೂ ತೆಂಗಿನಕಾಯಿಯಷ್ಟಿತ್ತು. ಕಟ್ಟೆ ಇಳಿದೆ. ಟ್ರಾಲಿಯ ಗಾಲಿಗೆ ಸುತ್ತಿದೆ, ಕಲ್ಲೆತ್ತುವ ರಾಟೆಗೆ ಸುತ್ತಿದೆ, ಲೆಕ್ಕ ಬರೆಯುವ ಮುನೀಮನ ಅಳತೆಗೋಲಿಗೆ, ಸಾವಕಾರರ ಕುರ್ಚಿಗೆ, ಕೊನೆಗೆ ಗೇಟಿನ ಸರಪಳಿಗೆ ಹಾಕಿ ಗಂಟು ಬಿಗಿದೆ. ಕಂಡದ್ದಕ್ಕೆಲ್ಲ ವಿಭೂತಿ ಬಳಿದೆ. ಬೆವರು ಒರೆಸಿಕೊಂಡು ಹಿಂದೆ ನೋಡಿದರೆ ಇಡೀ ಖಣಿ ಒಂದೇ ದಾರದಲ್ಲಿ ಪೋಣಿಸಿದಂತಿತ್ತು.

"ಎಂಥಾ ಪೂಜಾ ಮಾಡಿದ್ಯೋ ಮಗನ!" ಎಂದು ಸಾವಕಾರರು ಬೆನ್ನು ಚಪ್ಪರಿಸಿದರು. "ಅಯ್ಯನವರು ಒಂದ್ ಸಲಾನೂ ನನ್ನ ಕುರ್ಚಿಗಿ ಪೂಜಾ ಮಾಡಿದ್ದಿಲ್ಲ."

ವರ್ಗ ಶತ್ರುವಿನ ಶಾಬಾಸ್‌ಗಿರಿ! ನನಗೆ ನೆಲ ಬಿರಿಯಬಾರದೇ ಎನಿಸಿತು. ಬಿರಿದ ನೆಲ ಪಕ್ಕದಲ್ಲೇ ಇದ್ದರೂ ಅದು ಖಣಿ. ಬೇರೆ ಯಾರಾದರೂ ಚಾಡಿ ಹೇಳುವ ಮೊದಲೇ ನರಸಪ್ಪನವರಿಗೆ ನಾನೇ ಹೇಳಬೇಕೆಂದು ಸಿಕ್ಕ ಗಾಡಿ ಹತ್ತಿ ವಾಡಿಗೆ ಓಡಿದೆ. ಅವರು ರಾಯಚೂರು ಕಡೆಯ ಗಾಡಿಯ ಮೇಲೆ ಹೋಗಿದ್ದರು. ನಾನು ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ತಿನ್ನುತ್ತ, ಪಶ್ಚಾತ್ತಾಪ ಪಡುತ್ತ, ಹಲವು ದಿನ ಕಾದು ಕೂತೆ.

ಆ ದಿನಗಳಲ್ಲಿ ಖಣಿಯಲ್ಲಿ ಏನಾಯಿತೆಂಬುದು ನನಗೆ ಆಮೇಲೆ ತಿಳಿಯಿತು. ವಿಜಯದಶಮಿಯ ಬೆಳಿಗ್ಗೆ ಸಾವಕಾರರು ತಲೆಗೆ ಹೊಸ ಪಟಗ ಸುತ್ತಿ ಬಂದರು. ಜನರೆಲ್ಲ ಬಂದು ಕೈಕಟ್ಟಿ ನಿಂತಿದ್ದರು. ದಾರ ಬಿಚ್ಚುವವನು ಇಲ್ಲ. ನಾಳೆ ಬರಬಹುದು ಎಂದರು. ಮರುದಿನವೂ ಇಲ್ಲ. "ಇರ್ಲಿ, ಎತ್ರಿ ಸುತ್ತಿಗಿ," ಎಂದರು ಸಾವಕಾರರು. "ಪೂಜಾದಾಗಿನ ಸಾಮಾನ ಹೆಂಗ ಮುಟ್ಟೂದ್ರಿ?" ಎಂದ ಖಾಸೀಂಸಾಬ, ಅತಿ ವಿನಯದಿಂದ. ಅಯ್ಯನವರನ್ನು ಕರೆಸಿದರು. ತಮ್ಮ ಜಾಗದಲ್ಲಿ ಯಾರೋ ಪೂಜೆ ಮಾಡಿದ್ದಕ್ಕೆ ಅವರಿಗೆ ಮೊದಲೇ ಸಿಟ್ಟಿತ್ತು. ಕಟ್ಟಿದವನೇ ಬಿಚ್ಚಲಿ ಎಂದು ಕಾಯಿ, ಕಾಣಿಕೆ ತೆಗೆದುಕೊಂಡು ಹೋದರು. ಸಾವಕಾರರು ಚಿತ್ತಾಪುರ ಕಡೆಯಿಂದ ಬೇರೆ ಆಳುಗಳನ್ನು ಕರೆಸಿದರು. ಸಾಮಾನು ಇಲ್ಲೇ ಸಿಗುತ್ತದೆಂದು ಹೇಳಿ ಕರೆಸಿದ್ದರಿಂದ ಅವರು ಬರಿಗೈಯಲ್ಲಿ ಬಂದಿದ್ದರು. ಕಟ್ಟೆ ನೋಡಿ, ದಾರ ನೋಡಿ, ಕೆನ್ನೆ ಕೆನ್ನೆ ಬಡಿದುಕೊಂಡು, ಬೇವಿನ ಗಿಡದ ಕೆಳಗೆ ಮಲಗೆದ್ದು ಊರಿಗೆ ಹೋದರು. ಪೊಲೀಸರಿಗೆ ಹೇಳೋಣವೆಂದರೆ ಹರತಾಳ ಎಂದು ಯಾರೂ ಅಂದಿರಲಿಲ್ಲ. ದಿನಾ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಬರುತ್ತಿದ್ದರು, ಕೈಮುಗಿಯುತ್ತಿದ್ದರು, ಕೂತಿರುತ್ತಿದ್ದರು. ಸಾವಕಾರರಿಗೆ ಕೂರಲು ತಮ್ಮ ಕುರ್ಚಿಯೂ ಇರಲಿಲ್ಲ. ಅತ್ತ ಸ್ಟೇಷನ್ನಿನಲ್ಲಿ ಮುಂಬಯಿಗೆ ಹೋಗಬೇಕಾದ ವ್ಯಾಗನ್‌ಗಳು ಖಾಲಿ ನಿಂತಿದ್ದವು.

ಇದಾವುದೂ ಗೊತ್ತಿಲ್ಲದ ನಾನು ವಾಡಿಯಲ್ಲಿ ನರಸಪ್ಪನವರ ಮುಂದೆ ತಲೆತಗ್ಗಿಸಿ ನಿಂತಿದ್ದೆ. ಅವರು ಮುಖದ ಮಸಿ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು.

"ಪೂಜಾ? ನೀ? ಮಂತ್ರ ಸೈತ ಅಂದೇನು?"

"ಮಂತ್ರ ನಮ್ಮ ಪುಸ್ತಕದ್ದ ಅಂದೀನ್ರಿ."

"ಈಗಿಂದೀಗ ಹೋಗು. ಎಲ್ಲರ ಮುಂದ ಆ ದಾರ ಹರಿ. ನಾ ತಪ್ಪು ಮಾಡೀನಿ ಅಂತ ಹೇಳು. ಆತ್ಮವಿಮರ್ಶೆ ಅಂದ್ರ ಅದ."

ನಾನು ಹೊಸ ಹುರುಪಿನಿಂದ ಶಹಾಬಾದಕ್ಕೆ ಹೊರಟೆ. ಸ್ಟೇಷನ್ನಿನಲ್ಲಿ ಖಾಲಿ ವ್ಯಾಗನ್ ಕಂಡು ರೈಲ್ವೆಯವರ ಸೋಮಾರಿತನವೆಂದುಕೊಂಡೆ. ಖಣಿಯ ಕಡೆಯಿಂದ ಒಂದೂ ಸುತ್ತಿಗೆಯ ಸದ್ದಿಲ್ಲ. ನಾನಿಲ್ಲದೆ ಜನ ಮಂಕಾಗಿದ್ದಾರೆಂದು ಮರುಗಿದೆ. ಗೇಟಿನ ಪಕ್ಕದಿಂದ ತೂರಿ ಒಳಗೆ ಹೋಗುವಷ್ಟರಲ್ಲಿ ಸಾವಕಾರರು ಓಡಿಬಂದು ಅಪ್ಪಿಕೊಂಡರು.

"ಬಂದ್ಯಾ ನನ್ನ ಅಳಿಯಾ! ಸೇಡಮಕ್ಕ ಮಂದಿ ಕಳಿಸಿದ್ನೆಲ್ಲೋ! ಎಲ್ಲಿ ಸತ್ತಿದ್ದಿ?"

ನಾನು ಅವರ ತೋಳಿನಿಂದ ಬಿಡಿಸಿಕೊಂಡು, ಕಟ್ಟೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡೆ. "ಬಂಧುಗಳೇ! ನಾನು ದೊಡ್ಡ ತಪ್ಪು ಮಾಡಿದ್ದೇನೆ. ಈ ಮೂಢನಂಬಿಕೆಯ ದಾರವನ್ನು ನನ್ನ ಕೈಯಿಂದಲೇ ಹರಿಯಲು ಬಂದಿದ್ದೇನೆ!"

"ಹರಿ, ಹರಿ!" ಎಂದು ಸಾವಕಾರರು ಚಪ್ಪಾಳೆ ತಟ್ಟಿದರು. "ಲಗು ಹರಿ!"

ಉಳಿದ ಯಾರೂ ತಟ್ಟಲಿಲ್ಲ. ಎಲ್ಲರ ಮುಖ ಬಿಳಿಚಿತು. ಹಣಮಂತ ಕೋಲಿನ ಮೇಲೆ ಭಾರ ಹಾಕಿ ನಿಂತವನು ಮೆಲ್ಲಗೆ ನೆಲಕ್ಕೆ ಕೂತ. ನನ್ನ ಭಾಷಣಕ್ಕೆ ಕಾಗೆಗಳು ಎದ್ದದ್ದನ್ನು ಕಂಡಿದ್ದೆ, ಮನುಷ್ಯರು ಕುಸಿದದ್ದನ್ನು ಕಂಡಿರಲಿಲ್ಲ. ಕೈ ದಾರದ ಮೇಲಿತ್ತು. ಅಷ್ಟರಲ್ಲಿ ಮಲ್ಲಮ್ಮ ಜನರನ್ನು ಸರಿಸಿಕೊಂಡು ಬಂದು, ನನ್ನ ಬಾಯಿಗೆ ಒಂದು ತುಂಡು ರೊಟ್ಟಿ ತುರುಕಿದಳು.

"ಪಾಪ, ಹಸದು ಬಂದಾರ ಮಾಸ್ತರು."

ರೊಟ್ಟಿ ಬಾಯಿಗೆ ಬಂದರೆ ಅಗಿಯುವುದು ನನ್ನ ಹುಟ್ಟುಗುಣ. ನುಂಗಿಯೂ ಬಿಟ್ಟೆ. ಆಗ ಅವಳು ಸಾವಕಾರರ ಕಡೆ ತಿರುಗಿದಳು. "ಉಂಡವರು ಪೂಜಾ ಮುಟ್ಟಬಾರದ್ರಿ ಯಪ್ಪಾ. ಇನ್ನ ನಾಳೆ ಜಳಕಾ ಮಾಡಿ ಬಿಚ್ಚಬೇಕು."

ಸಾವಕಾರರು ಹಲ್ಲು ಕಡಿದರು, ಆದರೆ ಅವರೂ ಮನೆಯಲ್ಲಿ ಪೂಜೆಯಾಗುವ ತನಕ ನೀರು ಮುಟ್ಟದವರು. ಕಾಲು ಅಪ್ಪಳಿಸುತ್ತ ಮನೆಗೆ ಹೋದರು. ಬೇವಿನ ಗಿಡದ ಕೆಳಗೆ ಎಲ್ಲರೂ ನನ್ನನ್ನು ಸುತ್ತುವರಿದರು.

"ಕಾಮ್ರೇಡ್," ಎಂದ ಖಾಸೀಂಸಾಬ. ಆ ಶಬ್ದವನ್ನು ಅವನು ಅಂದದ್ದು ಅದೇ ಮೊದಲು. "ಹರತಾಳ ಮಾಡ್ರಿ, ಮಾಡ್ರಿ ಅಂತ ನೀನ ಒದರ್ತಿದ್ದಿ. ಮಾಡ್ಲಿಕತ್ತೀವಿ. ಮುರೀಲಿಕ್ಕೂ ನೀನ ಬರ್ಬೇಕೇನು?"

ನಾನು ಗಿಡಕ್ಕೆ ಒರಗಿ ಕೂತೆ. ಖಾಲಿ ವ್ಯಾಗನ್, ಮೌನ ಸುತ್ತಿಗೆ, ಕುರ್ಚಿಯಿಲ್ಲದ ಮಾಲಕ, ಎಲ್ಲ ಒಮ್ಮೆಲೇ ಒಂದಕ್ಕೊಂದು ಕೂಡಿಕೊಂಡವು. ನನ್ನ ಮುಖ ನೋಡಿ ಎಲ್ಲರೂ ನಕ್ಕರು, ಮಲ್ಲಮ್ಮ ಮಾತ್ರ ನಗಲಿಲ್ಲ. "ಮಾಸ್ತರ, ನಾಳಿಗಿ ನೀವು ದಾರ ಬಿಚ್ಚಿದ್ರ ನಮ್ಮ ಗುಡಸಲಾ ಬಿಚ್ಚಿದಂಗ. ಎಲ್ಲರ ಸುತ್ತಿಗಿ ಅವರವರಿಗಿ ಹೋಗ್ತದ, ನಮ್ಮವರದು ಕಟ್ಟಿ ಮ್ಯಾಲ ಉಳೀತದ. ಮತ್ತ ನಾ ಇವರನ್ನ ಕರ್ಕೊಂಡು ಎಲ್ಲಿ ಹೋಗ್ಲಿ?"

ಹಣಮಂತ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ನಾನು ಎದ್ದು, ಕಳಸದಿಂದ ಗೇಟಿನ ತನಕ ನಾನೇ ಎಳೆದ ದಾರದ ಗುಂಟ ಒಮ್ಮೆ ನಡೆದೆ. ಆ ದಾರ ಎಲ್ಲೂ ತುಂಡಾಗಿರಲಿಲ್ಲ. ಹರಿಯಬೇಕೆಂಬುದು ಗೊತ್ತಿಲ್ಲದ ದಡ್ಡ ಕಟ್ಟಿದ ದಾರ ಅದು. ಜೀವನದಲ್ಲಿ ಮೊದಲ ಸಲ ನನ್ನ ದಡ್ಡತನದ ಮೇಲೆ ನನಗೆ ಅಭಿಮಾನ ಬಂತು.

ಮರುದಿನ ಬೆಳಿಗ್ಗೆ ಜಳಕ ಮಾಡಿ, ಮೂರು ಬೆರಳು ವಿಭೂತಿ ಬಳಿದು, ಕಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಸಾವಕಾರರು ಆಗಲೇ ಬಂದಿದ್ದರು. ಸ್ಟೇಷನ್ನಿನಿಂದ ಬಂದ ಮನುಷ್ಯ, ಇವತ್ತು ಕಲ್ಲು ಏರದಿದ್ದರೆ ವ್ಯಾಗನ್ ಒಯ್ಯುತ್ತಾರೆ ಎಂದು ಹೇಳಿಹೋಗಿದ್ದ. ನಾನು ಕಳಸದ ಗಂಟು ಬಿಚ್ಚಿದೆ. ಅದರ ಮುಂದಿನ ಗಂಟು ಹಣಮಂತನ ಸುತ್ತಿಗೆಯದು. ಬಿಚ್ಚಿ, ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಸಾವಕಾರರತ್ತ ಹಿಡಿದೆ. ಈ ಸಲ ಭುಜ ಇಳಿಯದಂತೆ ನೋಡಿಕೊಂಡೆ.

"ಅದು ಬಾಜೂಕ ಇಡು," ಎಂದರು ಅವರು. "ಮುಂದಿಂದು ಬಿಚ್ಚು."

"ದಾರ ಒಂದೇ ಅದ ಮಾವ. ಇದು ಹಣಮಂತನ ಕೈಗೆ ಸೇರದ ಮುಂದಿಂದು ಬಿಚ್ಚಂಗಿಲ್ಲ."

"ನಿನ್ನೆ ಹರೀತೀನಂದಿ! ಹರಿ!"

"ನಿನ್ನೆ ನಾಸ್ತಿಕ ಇದ್ದೆ. ಇವತ್ತು ಪೂಜಾಕ್ಕ ಕುಂತೀನಿ. ಪೂಜಾದ ದಾರ ಹರದ್ರ ಹೆಂಗ್ರಿ ಮಾವ? ನಿಮ್ಮ ಕುರ್ಚಿನೂ ಇದರಾಗ ಅದ."

ಹಿಂದೆ ಯಾರೋ ಕೆಮ್ಮಿದರು, ಕೆಮ್ಮಲ್ಲ ಅದು. ಸಾವಕಾರರು ದಾರವನ್ನು ಕಣ್ಣಿನಿಂದ ಹಿಂಬಾಲಿಸಿದರು. ಸುತ್ತಿಗೆಗಳು, ಹಾರೆ, ಟ್ರಾಲಿ, ರಾಟೆ, ಕುರ್ಚಿ, ಗೇಟು. ಯಾವ ಕಡೆಯಿಂದ ಬಿಡಿಸಿಕೊಳ್ಳಬಹುದೆಂದು ಹುಡುಕುತ್ತಿದ್ದರು. ಸ್ಟೇಷನ್ ಕಡೆಯಿಂದ ಇಂಜಿನ್ ಕೂಗಿತು.

"ನೀ ನಮ್ಮ ಅಕ್ಕನ ಮಗ ಹೌದಿಲ್ಲೋ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ ಮಾವ."

"ಮತ್ತ ಯಾರ ಕಡೆ ಕುಂತೀ?"

"ಸದ್ಯ ಪೂಜಾದ ಕಡೆ ಕುಂತೀನ್ರಿ."

ಅವರು ಜನರ ಕಡೆ ನೋಡಿದರು. ಯಾರೂ ಕೂಗಲಿಲ್ಲ, ಯಾರೂ ಕದಲಲೂ ಇಲ್ಲ. ಖಾಸೀಂಸಾಬ ಕೈಕಟ್ಟಿ ನಿಂತಿದ್ದ, ಅವನ ಹಿಂದೆ ಉಳಿದವರು, ಹೆಂಗಸರು ಮರಳಿನ ಬುಟ್ಟಿಗಳ ಪಕ್ಕ. ಆ ಮೌನವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಆದರೆ ಕೇಳಿದ ಕೂಡಲೇ ಅದರ ಹೆಸರು ಗೊತ್ತಾಯಿತು. ಸಾವಕಾರರಿಗೂ ಗೊತ್ತಾಗಿರಬೇಕು. ನನ್ನ ಕೈಯಿಂದ ಸುತ್ತಿಗೆ ಕಸಿದುಕೊಂಡರು.

"ಹಣಮಂತಾ! ಬಾ ಇಲ್ಲಿ."

ಹಣಮಂತ ಕೋಲು ಮಲ್ಲಮ್ಮನಿಗೆ ಕೊಟ್ಟು, ಕುಂಟುತ್ತ ಬಂದು, ಎರಡೂ ಕೈ ಚಾಚಿದ.

"ಖಣ್ಯಾಗ ಇಳೀಬ್ಯಾಡ ಮತ್ತ. ಗಿಡದ ಕೆಳಗ ಕುಂತು ಉಳಿ ಬಡಿ," ಎಂದು ಸಾವಕಾರರು ಸುತ್ತಿಗೆಯನ್ನು ಆ ಕೈಗಳಲ್ಲಿ ಇಟ್ಟರು. ಅವನು ಅದನ್ನು ಹಣೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ನಿಂತ. ಮಲ್ಲಮ್ಮ ಅಳುತ್ತಾಳೆಂದುಕೊಂಡೆ. ಅವಳು ಸೆರಗು ಬಿಗಿದು, "ಲಗು ಲಗು ಬಿಚ್ಚ್ರಿ ಮಾಸ್ತರ, ಹೊತ್ತೇರ್ಲಿಕತ್ತದ," ಎಂದಳು.

ಲಗು ಬಿಚ್ಚುವುದೆಲ್ಲಿ ಬಂತು? ನಾನು ಹಾಕಿದ ಗಂಟು ನನಗೇ ಬಿಚ್ಚಲು ಬರುತ್ತಿರಲಿಲ್ಲ. ಒಂದೊಂದು ಸುತ್ತಿಗೆಗೂ ಉಗುರು ಮುರಿದುಕೊಂಡೆ, ಹಲ್ಲು ಹಚ್ಚಿದೆ. ಸಾವಕಾರರು ನನ್ನ ತಲೆಯ ಮೇಲೆ ನಿಂತು ನಮ್ಮ ಮನೆತನದ ಇಡೀ ವಂಶಾವಳಿಯನ್ನು ಬೈದರು. ಅದರಲ್ಲಿ ಅರ್ಧ ತಮ್ಮದೇ ಎಂಬುದನ್ನು ಮರೆತಿದ್ದರು. ಕುರ್ಚಿಯ ಗಂಟನ್ನು ನಾನು ಕೊನೆಗೆ ಇಟ್ಟುಕೊಂಡೆ. ಅದು ಬಿಚ್ಚುವ ಹೊತ್ತಿಗೆ ಖಣಿಯೊಳಗಿಂದ ಸುತ್ತಿಗೆಗಳ ಸದ್ದು ಏಳುತ್ತಿತ್ತು, ಬೇವಿನ ಗಿಡದ ಕೆಳಗಿನಿಂದ ಬೇರೆಯದೇ ಒಂದು ಸದ್ದು, ಕಾದ ಉಳಿಯ ಮೇಲೆ ಬೀಳುವ ಏಟು. ಮಲ್ಲಮ್ಮ ಬಿಸಿಲಿಗೆ ಕಾದ ಫರಸಿಯ ಮೇಲೆ ನೀರು ಸುರುವಿದಳು. ಅದೇ ವಾಸನೆ.

ನಾನು ಓದಿದ್ದ ಪುಸ್ತಕಗಳು ಸುಳ್ಳು ಹೇಳಿರಲಿಲ್ಲ. ದುಡಿಯುವ ಕೈಗಳು ಕೂಡಿ ನಿಂತರೆ ಗಾಲಿ ನಿಲ್ಲುತ್ತದೆ ಎಂದಿದ್ದವು. ನಿಂತಿತು, ನನ್ನ ಕಣ್ಣಾರೆ ನೋಡಿದೆ. ಅದಕ್ಕೆ ನನ್ನ ಭಾಷಣ ಬೇಕೆಂದು ಮಾತ್ರ ಅವುಗಳಲ್ಲಿ ಎಲ್ಲೂ ಬರೆದಿರಲಿಲ್ಲ, ಆ ಪುಟ ನಾನೇ ಸೇರಿಸಿಕೊಂಡದ್ದು. ನರಸಪ್ಪನವರಿಗೆ ವರದಿ ಹೇಳಿದಾಗ ಅವರು ಖುಷಿಯಿಂದ ನನ್ನ ಬೆನ್ನಿಗೆ ಮಸಿ ಹಚ್ಚಿ, ಆಮೇಲೆ ತಲೆ ಕೆರೆದುಕೊಂಡರು. "ಗೆದ್ದದ್ದು ಖರೇ. ಆದ್ರ ಪೂಜಾ ಮಾಡಿ ಗೆದ್ದೀವಿ ಅಂತ ಮೀಟಿಂಗದಾಗ ಹೆಂಗ ಹೇಳ್ಲಿ ಮಾರಾಯ?"

ಮುಂದಿನ ದಸರೆಗೆ ಗುರುಪಾದಪ್ಪ ಸಾವಕಾರರು ಅಯ್ಯನವರನ್ನು ಕರೆತರಲು ತಾವೇ ವಾಡಿ ಸ್ಟೇಷನ್ನಿಗೆ ಹೋಗಿದ್ದರು. ನೂಲನ್ನೂ ತಮ್ಮ ಕೈಯಿಂದಲೇ ಅಳೆದು ಹರಿದು ಕೊಟ್ಟರಂತೆ. ಹಣಮಂತನ ಸುತ್ತಿಗೆಯನ್ನು ಮಾತ್ರ ಯಾರೂ ಕೇಳದೆಯೇ ಮೊದಲು ಎತ್ತಿ ಕೊಟ್ಟರು. ಸುತ್ತಲಿನ ಬೇರೆ ಖಣಿಗಳಿಂದ ಪೂಜೆ ಕಟ್ಟಲು ನನಗೆ ಕರೆ ಬರತೊಡಗಿತು. ಕರೆದವರಲ್ಲಿ ಒಬ್ಬರೂ ಸಾವಕಾರರಿರಲಿಲ್ಲ. ಆಮೇಲೆ ಇಂಟರ್ ಮುಗಿಸಿ ಮಾಸ್ತರನಾದೆ. ಇಂಗ್ಲಿಷ್ ಪೇಪರನ್ನು ಈ ಸಲ ನಾನೇ ಬರೆದೆ.

ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಹೊಸ ಫರಸಿಯ ಮೇಲೆ ಕೂತಿದ್ದೆ. ಈರಪ್ಪ ಕೊಡ ಹೊತ್ತು ಹೆಡ್ ಮಾಸ್ತರರ ಮನೆಯ ಕಡೆ ಹೊರಟಿದ್ದ. ಹೆಗಲ ಮೇಲೆ ಕೊಡದ ಗುರುತು ಗಂಟಿನಂತೆ ಎದ್ದಿತ್ತು. ಹೆಡ್ ಮಾಸ್ತರರು ಬಂದು ಪಕ್ಕದಲ್ಲಿ ನಿಂತರು.

"ದಸರಾ ಬಂತಲ್ಲ ಮಾಸ್ತರ. ಸಾಲ್ಯಾಗ ಪೂಜಾ ಕಟ್ಟಬೇಕು. ನಿಮಗ ಬರ್ತದೇನು?"

"ಭಾಳ ಚಂದ ಬರ್ತದ್ರಿ ಸರ್."

"ಹಂಗಾದ್ರ ನೀವ ಕಟ್ರಿ. ಏನೇನು ಸಾಮಾನ ಬೇಕು?"

"ಏನ್ ಬ್ಯಾಡ್ರಿ," ಎಂದೆ, ಎದ್ದು ನಿಂತು. "ಒಂದ್ ದೊಡ್ಡ ಉಂಡಿ ನೂಲು ಸಾಕು. ಮತ್ತ, ಈರಪ್ಪನ ಕೊಡ."